ಹೂ ಕಟ್ಟುವಾಗ ಕಿವಿಗೆ ಇಯರ್‌ಫೋನ್ ಯಾಕೆ?

ಪ್ರಶ್ನೆ: ನನಗೆ 37 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಮನೆಯಲ್ಲಿ ಗಂಡ, ಐದನೇ ಕ್ಲಾಸಿನ ಮಗಳು, ಅತ್ತೆ ಇದ್ದಾರೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ, ಇನ್ನು ಮುಂದೆ ಬದುಕನ್ನು ಹಾಳು ಮಾಡಿಕೊಳ್ಳಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಬೆಳಿಗ್ಗೆ 4:45ಕ್ಕೆ ಏಳುತ್ತೇನೆ. ಡೈರಿ ಬರೆಯುತ್ತೇನೆ. ದಿನಕ್ಕೆ 10,000 ಹೆಜ್ಜೆ ನಡೆಯುತ್ತೇನೆ. ಸಕ್ಕರೆ ಬಿಟ್ಟಿದ್ದೇನೆ. ಅಡುಗೆ ಮಾಡುವಾಗ ಪಾಡ್‌ಕಾಸ್ಟ್ ಕೇಳುತ್ತೇನೆ. ರಾತ್ರಿ ವಾಚು ಕಟ್ಟಿಕೊಂಡೇ ಮಲಗಿ, ಎದ್ದ ತಕ್ಷಣ ನಿದ್ದೆಗೆ ಎಷ್ಟು ಅಂಕ ಬಂದಿದೆ ನೋಡುತ್ತೇನೆ. ಈಚೆಗೆ ಧ್ಯಾನದ ಆಪ್ ಹಾಕಿಕೊಂಡು 63 ದಿನ ಒಂದೂ ತಪ್ಪದೆ ಕೂತೆ. ಮಗಳಿಗೆ ಜ್ವರ ಬಂದ ದಿನ ಆಗಲಿಲ್ಲ. ಆಪ್ ಮತ್ತೆ ಸೊನ್ನೆಗೆ ಬಂತು. ಎರಡು ದಿನ ತುಂಬಾ ಬೇಜಾರಾಯಿತು, ಮಗಳ ಮೇಲೆ ರೇಗಿದೆ. ಗುರುವಾರ ರಾತ್ರಿ ಮಾರನೇ ದಿನದ ಪೂಜೆಗೆ ಹೂ ಕಟ್ಟುವಾಗ ಮಾತ್ರ ಮನಸ್ಸು ಸ್ವಲ್ಪ ಸುಮ್ಮನಿರುತ್ತದೆ. ಆದರೆ ಅಷ್ಟು ಹೊತ್ತು ವೇಸ್ಟ್ ಆಗುತ್ತದಲ್ಲ ಅನಿಸಿ ಆಗಲೂ ಇಯರ್‌ಫೋನ್ ಹಾಕಿಕೊಳ್ಳುತ್ತೇನೆ. ಇಷ್ಟೆಲ್ಲಾ ಮಾಡಿದರೂ ನೆಮ್ಮದಿ ಇಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ? 10 ದಿನದ ಮೌನ ಶಿಬಿರಕ್ಕೆ ಹೋದರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಹೂವಿನ ಮಾತು ಬಂದಲ್ಲಿ ನಿಂತೆ. ನೀವು ಒಂದು ವರ್ಷದಿಂದ ಹುಡುಕುತ್ತಿರುವುದು ಆ ಸಾಲಿನಲ್ಲೇ ಇದೆ. ವಾರಕ್ಕೊಮ್ಮೆ ಅದು ತಾನಾಗಿ ಬಂದು ನಿಮ್ಮ ಪಕ್ಕ ಕೂರುತ್ತಿದೆ. ನೀವು ಕಿವಿ ಮುಚ್ಚಿಕೊಳ್ಳುತ್ತಿದ್ದೀರಿ. ಆ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ವಾಚಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಇವತ್ತೇ ಸರಿ ಮಾಡಬಹುದು.

ರಾತ್ರಿ ವಾಚು ಬಿಚ್ಚಿಟ್ಟು ಮಲಗಿ. ಕೈಗೆ ಕಟ್ಟುವ ವಾಚು ನಿಮ್ಮ ಅಲುಗಾಟ ಮತ್ತು ನಾಡಿಬಡಿತ ನೋಡಿ ನಿದ್ದೆಯನ್ನು ಅಂದಾಜು ಮಾಡುತ್ತದೆ, ಅಷ್ಟೇ. ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಮಾಡುವಾಗ ತಲೆಗೆ ವೈರುಗಳನ್ನು ಅಂಟಿಸಿ ಮೆದುಳಿನ ಅಲೆಗಳನ್ನು ಅಳೆಯುತ್ತಾರೆ. ಅದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. 2017ರಲ್ಲಿ ಅಮೆರಿಕದ ಶಿಕಾಗೋದ ನಿದ್ರಾ ತಜ್ಞರು ಒಂದು ಹೊಸ ತೊಂದರೆಯ ಬಗ್ಗೆ ಬರೆದರು. ವಾಚಿನ ಅಂಕ ಹೆಚ್ಚಿಸಬೇಕು ಎಂಬ ಚಿಂತೆಯಲ್ಲೇ ಕೆಲವರ ನಿದ್ದೆ ಕೆಡುತ್ತಿತ್ತು. ಅದಕ್ಕೆ ಅವರು ಆರ್ಥೋಸೋಮ್ನಿಯಾ ಎಂದು ಹೆಸರಿಟ್ಟರು. ನನ್ನ ಬಳಿ ಬರುವವರಲ್ಲೂ ಇದನ್ನು ಕಾಣುತ್ತಿದ್ದೇನೆ. 'ರಾತ್ರಿ ನಿದ್ದೆ ಬಂತಾ?' ಎಂದು ಕೇಳಿದರೆ ಮೊದಲು ಮೊಬೈಲ್ ತೆಗೆದು ನೋಡುತ್ತಾರೆ. ಎದ್ದಾಗ ಮೈ ಹಗುರವಾಗಿತ್ತಾ, ಭಾರವಾಗಿತ್ತಾ ಎನ್ನುವುದು ಅವರಿಗೆ ನೆನಪಿರುವುದಿಲ್ಲ.

10,000 ಹೆಜ್ಜೆಯ ಕಥೆಯೂ ತಿಳಿದಿರಲಿ. ಆ ಸಂಖ್ಯೆಯನ್ನು ಗೊತ್ತು ಮಾಡಿದ್ದು ವೈದ್ಯರಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಸಾಧನವನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್ಪೊಕೇ. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಮಾರಲು ಇಟ್ಟ ಹೆಸರು ಜಗತ್ತಿಗೇ ಗುರಿಯಾಯಿತು. 2019ರಲ್ಲಿ ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, ತೀರಾ ಕಡಿಮೆ ನಡೆಯುವವರಿಗಿಂತ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಡೆಯುವುದು ಒಳ್ಳೆಯದು, ಖಂಡಿತ ನಡೆಯಿರಿ. ಆದರೆ 9,200ಕ್ಕೆ ನಿಂತ ದಿನ ನೀವು ಸೋತಿಲ್ಲ. ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಸುತ್ತು ಹಾಕಿ ಲೆಕ್ಕ ತುಂಬಿಸಬೇಕಾಗಿಲ್ಲ.

ಇನ್ನು ನಿಮ್ಮ ಪ್ರಶ್ನೆ. 'ನಾನು ಎಲ್ಲಿ ತಪ್ಪುತ್ತಿದ್ದೇನೆ?'

ಒಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿರಬಹುದು, ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಡೈರಿ ತೆರೆದಾಗ, ವಾಚು ನೋಡಿದಾಗ, ಮಗಳ ಮೇಲೆ ರೇಗಿದ ಮೇಲೆ. ನನ್ನನ್ನು ನಾನು ತಿದ್ದಿಕೊಳ್ಳಬೇಕು ಎಂಬ ಪ್ರತಿ ಯೋಜನೆಯ ಒಳಗೂ, ಈಗ ಇರುವ ನಾನು ಸಾಲದು ಎಂಬ ಮಾತು ಸೇರಿಕೊಂಡಿರುತ್ತದೆ. ಒಂದು ದಿನ ಕೇಳಿದರೆ ಅದರಿಂದ ಹುರುಪು ಬರಬಹುದು. ಬೆಳಿಗ್ಗೆ 4:45ರಿಂದ ರಾತ್ರಿವರೆಗೆ, ವರ್ಷಗಟ್ಟಲೆ ಕೇಳಿದರೆ ಯಾವ ಮನಸ್ಸಿಗೂ ಸುಸ್ತಾಗುತ್ತದೆ, ಅಲ್ವಾ? ಬೇರೆ ಯಾರಾದರೂ ನಿಮ್ಮ ಪಕ್ಕದಲ್ಲೇ ಇದ್ದು ಇಡೀ ದಿನ ಹೀಗೆ ಹೇಳುತ್ತಿದ್ದರೆ ಅವರನ್ನು ಮನೆಗೆ ಸೇರಿಸುತ್ತಿದ್ದಿರಾ?

1971ರಲ್ಲಿ ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಇದಕ್ಕೆ ಟ್ರೆಡ್‌ಮಿಲ್ಲಿನ ಹೋಲಿಕೆ ಕೊಟ್ಟರು. ಏನನ್ನಾದರೂ ಪಡೆದಾಗ ಖುಷಿಯಾಗುತ್ತದೆ. ಸ್ವಲ್ಪ ದಿನಕ್ಕೆ ಅದು ಮಾಮೂಲಾಗುತ್ತದೆ. ಮತ್ತೆ ಮುಂದಿನದಕ್ಕೆ ಓಟ. ಓಡಿದಷ್ಟೂ ಕಾಲು ನೋಯುತ್ತದೆ, ಜಾಗ ಮಾತ್ರ ಅದೇ. ಸಕ್ಕರೆ ಬಿಟ್ಟ ಮೊದಲ ವಾರ ನಿಮಗೆ ಎಷ್ಟು ಖುಷಿಯಾಗಿತ್ತು, ಈಗ ಅದು ಎಲ್ಲಿದೆ? ನೀವು ತಪ್ಪು ಮಾಡಿದ್ದಕ್ಕೆ ಖುಷಿ ಹೋಗಲಿಲ್ಲ. ಸಾಧನೆಯಿಂದ ಬರುವ ಖುಷಿಯ ಸ್ವಭಾವವೇ ಹಾಗೆ.

ಹಾಗಾದರೆ ನೆಮ್ಮದಿ ಎಲ್ಲಿಂದ ಬರುತ್ತದೆ? 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಒಂದು ಸರಳ ಕೆಲಸ ಮಾಡಿದರು. 2,250 ಜನರಿಗೆ ಫೋನಿನ ಮೂಲಕ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಮೂರು ಸಂಗತಿ ಕೇಳಿದರು. ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಆ ಕೆಲಸದಲ್ಲೇ ಇದೆಯಾ, ಬೇರೆ ಕಡೆ ಇದೆಯಾ? ಈಗ ಹೇಗನಿಸುತ್ತಿದೆ? ಕೇಳಿದಾಗಲೆಲ್ಲ ಸುಮಾರು 47 ಶೇಕಡಾ ಸಲ ಮನಸ್ಸು ಬೇರೆಲ್ಲೋ ಇತ್ತು. ಬೇರೆಲ್ಲೋ ಇದ್ದಾಗ ಜನ ಕಡಿಮೆ ಖುಷಿಯಾಗಿದ್ದರು. ನನಗೆ ಮುಖ್ಯ ಅನಿಸುವುದು ಇನ್ನೊಂದು ವಿಷಯ. ಮನಸ್ಸು ಒಳ್ಳೆಯ ವಿಷಯದ ಕಡೆಗೇ ಹೋಗಿದ್ದಾಗಲೂ, ಕೈಯಲ್ಲಿದ್ದ ಕೆಲಸದಲ್ಲಿ ಮನಸ್ಸಿದ್ದವರಿಗಿಂತ ಅವರ ಖುಷಿ ಹೆಚ್ಚೇನೂ ಇರಲಿಲ್ಲ. ಯಾವ ಕೆಲಸ ಮಾಡುತ್ತಿದ್ದರು ಎನ್ನುವುದಕ್ಕಿಂತ, ಮನಸ್ಸು ಎಲ್ಲಿತ್ತು ಎನ್ನುವುದರಿಂದಲೇ ಅವರ ಖುಷಿಯ ಬಗ್ಗೆ ಜಾಸ್ತಿ ತಿಳಿಯುತ್ತಿತ್ತು.

ಮನಸ್ಸು ಅಲೆಯುವುದು ರೋಗವಲ್ಲ. ಕೆಲಸವಿಲ್ಲದೆ ಸುಮ್ಮನಿದ್ದಾಗ ಮೆದುಳಿನ ಕೆಲವು ಭಾಗಗಳು ಇನ್ನೂ ಚುರುಕಾಗಿರುತ್ತವೆ ಎಂದು 2001ರಲ್ಲಿ ಅಮೆರಿಕದ ರೈಕ್ಲ್ ಎಂಬ ನರವಿಜ್ಞಾನಿ ಮತ್ತು ಅವರ ತಂಡ ತೋರಿಸಿತು. ಹಿಂದಿನದನ್ನು ಮೆಲುಕು ಹಾಕುವುದು, ಮುಂದಿನದನ್ನು ಊಹಿಸುವುದು, 'ನಾನು ಹೇಗಿದ್ದೇನೆ' ಎಂದು ತೂಗಿ ನೋಡುವುದು, ಎಲ್ಲದರಲ್ಲೂ ಈ ಭಾಗಗಳ ಪಾಲಿದೆ. ಅಲೆದಾಟ ಹುಟ್ಟಿನಿಂದ ಬಂದದ್ದು. ಅದನ್ನು ನಿಲ್ಲಿಸಲು ಹೊರಟರೆ ಇನ್ನೊಂದು ಜಗಳ ಶುರುವಾಗುತ್ತದೆ.

ಆ ಜಗಳವೇ ನಿಮ್ಮ 63 ದಿನದಲ್ಲಿ ನಡೆದದ್ದು. ಧ್ಯಾನ ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಟಿಕ್ ಮಾರ್ಕ್ ಆಯಿತು. ಮನಸ್ಸನ್ನು ಈ ಕ್ಷಣಕ್ಕೆ ತರುವ ಎಚ್ಚರದ ಅಭ್ಯಾಸವನ್ನು (ಇದನ್ನೇ ಈಗ ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ) ಆಸ್ಪತ್ರೆಯೊಳಗೆ ತಂದವರು ಜಾನ್ ಕಬಾಟ್ ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದರು. ಎಂಟು ವಾರದ ತರಬೇತಿ. ಬಂದವರಲ್ಲಿ ಹಳೆಯ ನೋವಿಗೆ ಔಷಧಿಯಿಂದ ಪೂರ್ತಿ ಗುಣ ಕಾಣದವರು ಬಹಳ. ಅಲ್ಲಿ ಮೊದಲು ಕೈಗೆ ಕೊಡುವುದು ಒಂದು ಒಣದ್ರಾಕ್ಷಿ. ಅದನ್ನು ನೋಡು, ಮುಟ್ಟು, ಮೂಸು, ನಿಧಾನ ಜಗಿ. ಏನನ್ನೂ ಸಾಧಿಸಲು ಹೊರಡಬೇಡ ಎನ್ನುವುದು ಅಲ್ಲಿಯ ಮುಖ್ಯ ಪಾಠಗಳಲ್ಲಿ ಒಂದು. ನೋವು ಕಡಿಮೆಯಾಗಲಿ ಎಂದೇ ಬಂದವರಿಗೆ ಈ ಮಾತು ಹೇಳುವುದು ಎಷ್ಟು ಕಷ್ಟ ಇರಬೇಕು, ಯೋಚಿಸಿ.

ಇದರ ಮೂಲ ಬೌದ್ಧರ ಅಭ್ಯಾಸದಲ್ಲಿದೆ. ಅಲ್ಲಿ ಬಳಸುವ ಪಾಳಿ ಪದ 'ಸತಿ'. ಸಂಸ್ಕೃತದ 'ಸ್ಮೃತಿ'ಯೇ ಅದು. ಅಂದರೆ ನೆನಪು. ನನಗೆ ಈ ಅರ್ಥ ತುಂಬಾ ಇಷ್ಟ. ಮನಸ್ಸು ಎಲ್ಲೋ ಹೋಗಿರುತ್ತದೆ. ಥಟ್ಟನೆ ನೆನಪಾಗುತ್ತದೆ, ಅರೆ, ನಾನು ಇಲ್ಲಿದ್ದೇನೆ, ಕೈಯಲ್ಲಿ ಲಟ್ಟಣಿಗೆ ಇದೆ. ಹೀಗೆ ನೆನಪಾಗುವುದೇ ಅಭ್ಯಾಸ. ಹತ್ತು ನಿಮಿಷದಲ್ಲಿ ನಲವತ್ತು ಸಲ ಮನಸ್ಸು ಓಡಿ, ನಲವತ್ತು ಸಲ ನೆನಪಾದರೆ ಅಂದು ಚೆನ್ನಾಗಿ ಆಯಿತು ಎಂದೇ ತಿಳಿಯಿರಿ. ನಿಮ್ಮ ಆಪ್‌ಗೆ ಎಷ್ಟು ದಿನ ಕೂತಿರಿ ಎಂದು ಎಣಿಸಲು ಬರುತ್ತದೆ. ಎಷ್ಟು ಸಲ ಮರಳಿ ಬಂದಿರಿ ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಜ್ವರ ಬಂದ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತ ರಾತ್ರಿಯನ್ನು ಆಪ್ ಸೊನ್ನೆ ಎಂದಿತು. ನೀವೂ ಅದನ್ನು ನಂಬಿದಿರಿ. ಆ ರಾತ್ರಿ ನಿಮ್ಮ ಮನಸ್ಸು ಎಲ್ಲಿತ್ತು? ಮಗಳ ಮೈ ಎಷ್ಟು ಬಿಸಿ ಇದೆ, ಉಸಿರು ಹೇಗಿದೆ, ನೀರು ಕುಡಿದಳಾ ಎಂಬುದರಲ್ಲೇ ಇದ್ದಿರಬೇಕು. 64ನೇ ದಿನ ನೀವು ತಪ್ಪಿಸಲಿಲ್ಲ. ದಯವಿಟ್ಟು ಇದನ್ನು ನಂಬಿ. ಮತ್ತೆ, ಮಗಳಿಗೆ ಒಂದು ಸಾರಿ ಹೇಳಿ: 'ಅವತ್ತು ಸುಮ್ನೆ ರೇಗಿದೆ ಪುಟ್ಟಾ, ತಪ್ಪು ನಿಂದಲ್ಲ.' ಮಕ್ಕಳು ಇಂಥದ್ದನ್ನು ನೆನಪಿಟ್ಟುಕೊಳ್ಳುತ್ತಾರೆ.

ನಿಮ್ಮೊಳಗೆ ಒಂದು ಭಯ ಇರಬಹುದು. ನನ್ನನ್ನು ನಾನು ದೂಡದೆ ಹೋದರೆ ಸೋಮಾರಿಯಾಗುತ್ತೇನೆ, ಎಲ್ಲ ಕೈಬಿಟ್ಟು ಹೋಗುತ್ತದೆ. ಇದನ್ನು ನನ್ನ ಕೋಣೆಯಲ್ಲಿ ವಾರಕ್ಕೆ ಒಬ್ಬರಾದರೂ ಹೇಳುತ್ತಾರೆ, ಅದೂ ಇರುವವರಲ್ಲೇ ಹೆಚ್ಚು ಕೆಲಸ ಮಾಡುವವರು. 2012ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬ್ರೈನ್ಸ್ ಮತ್ತು ಚೆನ್ ಎಂಬ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದ್ದರು. ವಿದ್ಯಾರ್ಥಿಗಳಿಗೆ ಪದಗಳ ಕಠಿಣ ಪರೀಕ್ಷೆ ಕೊಟ್ಟರು. ಆಮೇಲೆ ಒಂದು ಗುಂಪಿಗೆ, ಇದು ಎಲ್ಲರಿಗೂ ಕಷ್ಟವಾಗುತ್ತದೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಎಂದರು. ಇನ್ನೊಂದು ಗುಂಪಿಗೆ, ಇಲ್ಲಿ ಸೀಟು ಸಿಕ್ಕಿದೆ ಎಂದರೆ ನೀವು ಬುದ್ಧಿವಂತರೇ ಎಂದು ಹೊಗಳಿದರು. ಮೂರನೆಯ ಗುಂಪಿಗೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದ್ದು ಮೊದಲ ಗುಂಪು.

ಆರ್ನಾಲ್ಡ್ ಬೈಸರ್ ಎಂಬ ಅಮೆರಿಕದ ಮನೋವೈದ್ಯರನ್ನೂ ಇಲ್ಲಿ ನೆನೆಯಬೇಕು. ಅವರು ಟೆನಿಸ್ ಚಾಂಪಿಯನ್ ಆಗಿದ್ದವರು. ವೈದ್ಯಕೀಯ ಓದು ಮುಗಿಸಿದ ಹೊತ್ತಿಗೆ ಪೋಲಿಯೊ ಬಂತು. ಮೈಯೆಲ್ಲ ಸ್ವಾಧೀನ ತಪ್ಪಿ, ಉಸಿರಾಟಕ್ಕೂ ಯಂತ್ರದೊಳಗೆ ಮಲಗಬೇಕಾಯಿತು. 1970ರಲ್ಲಿ ಅವರು ಬರೆದ ಒಂದು ಚಿಕ್ಕ ಲೇಖನದ ತಿರುಳು ಇದು: ತಾನಲ್ಲದ್ದು ಆಗಲು ಹೆಣಗುವಾಗ ಮನುಷ್ಯ ಬದಲಾಗುವುದಿಲ್ಲ, ತಾನು ಏನಾಗಿದ್ದಾನೋ ಅದೇ ಆಗಿ ಪೂರ್ತಿ ಇದ್ದಾಗ ಬದಲಾವಣೆ ಬರುತ್ತದೆ. ಅಂಥ ಹಾಸಿಗೆಯನ್ನು ಕಂಡು ಬಂದವರ ಮಾತಾದ್ದರಿಂದ ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ.

ಈಗ ಸ್ವಲ್ಪ ಮೆಲ್ಲಗೆ ಒಂದು ವಿಷಯ ಕೇಳುತ್ತೇನೆ. ಪತ್ರದಲ್ಲಿ ಅಪ್ಪನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಅದರ ಬೆನ್ನಿಗೇ ಬೆಳಗಿನ 4:45 ಬಂತು. ಅಪ್ಪ ಹೋದ ಮೇಲೆ ಮನೆಯಲ್ಲಿ, ಮನಸ್ಸಿನಲ್ಲಿ ಒಂದು ಖಾಲಿ ಜಾಗ ಆಗಿರುತ್ತದೆ. ಸದ್ದಿಲ್ಲದ ಹೊತ್ತಿನಲ್ಲಿ ಅದು ಎದ್ದು ಕಾಣುತ್ತದೆ. ಹೂ ಕಟ್ಟುವಾಗ ಇಯರ್‌ಫೋನ್ ಹಾಕಿಕೊಳ್ಳುವುದು ಬರೀ ಸಮಯ ಉಳಿಸಲಿಕ್ಕೇನಾ? ಅಥವಾ ಮನಸ್ಸು ಸುಮ್ಮನಾದ ಕೂಡಲೇ ಅಪ್ಪ ನೆನಪಾಗುತ್ತಾರಾ? ಪತ್ರ ಓದಿ ಇದನ್ನು ನಾನು ತೀರ್ಮಾನ ಮಾಡಲಾಗದು. ನಿಮಗೆ ಮಾತ್ರ ತಿಳಿಯುತ್ತದೆ. ನೆನಪಾಗುವುದಾದರೆ, ಅದು ಬರಲಿ. ಕಣ್ಣು ತುಂಬಿದರೆ ತುಂಬಲಿ. ಈ ಕ್ಷಣದಲ್ಲಿರುವುದು ಎಂದರೆ ಹಿತವಾದದ್ದನ್ನು ಮಾತ್ರ ಆರಿಸಿಕೊಳ್ಳುವುದಲ್ಲ. ಈಗ ದುಃಖ ಇದ್ದರೆ, ದುಃಖ ಇದೆ ಎಂದು ಗೊತ್ತಿರುವುದು. ಗಂಟಲಲ್ಲಿ ಬಿಗಿ ಇದೆಯಾ, ಎದೆ ಭಾರ ಇದೆಯಾ, ನೋಡಿ. ತಡೆಯದೆ ಬಿಟ್ಟರೆ ಅದು ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ತಡೆದದ್ದು ಹೋಗುವುದಿಲ್ಲ, ಇನ್ಯಾರದೋ ಮೇಲೆ ಸಿಟ್ಟಾಗಿ ಹೊರಬರುತ್ತದೆ.

ಇದೇ ಕಾರಣಕ್ಕೆ 10 ದಿನದ ಶಿಬಿರ ಈಗ ಬೇಡ ಎನ್ನುತ್ತೇನೆ. 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಬಂದ ಎಸ್. ಎನ್. ಗೋಯೆಂಕಾ ಅವರು ಇಂಥ ಶಿಬಿರಗಳ ಮೂಲಕ ಹರಡಿದ ವಿಪಶ್ಯನಾ ಧ್ಯಾನ ಪದ್ಧತಿಯ ಬಗ್ಗೆ ನನಗೆ ಗೌರವ ಇದೆ. ಶುಲ್ಕವಿಲ್ಲ, ಶಿಸ್ತು ಇದೆ, ಬಹಳ ಜನರಿಗೆ ಒಳ್ಳೆಯದಾಗಿದೆ. ಆದರೆ ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತಾರೆ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಯಾರ ಜೊತೆಯೂ ಮಾತಿಲ್ಲ. ಹಸಿ ದುಃಖ ಇರುವವರಿಗೆ ಅಷ್ಟು ಉದ್ದದ ಮೌನ ಕೆಲವೊಮ್ಮೆ ಭಾರವಾಗುತ್ತದೆ. ಇನ್ನೊಂದು ಕಾರಣವೂ ಇದೆ. ಈಗ ಹೋದರೆ ನೀವು ಅದನ್ನೂ ಪರೀಕ್ಷೆಯ ಹಾಗೆ ಬರೆದು ಬರುತ್ತೀರಿ. ಒಂದು ವರ್ಷ ಕಳೆಯಲಿ. ಆಗಲೂ ಹೋಗಬೇಕು ಅನಿಸಿದರೆ ಹೋಗಿ.

ದುಃಖ ಎರಡು ವಾರಕ್ಕಿಂತ ಹೆಚ್ಚು ಎಡೆಬಿಡದೆ ಇದ್ದರೆ, ನಿದ್ದೆ ಊಟ ಕೆಟ್ಟರೆ, ಬದುಕುವುದೇ ಬೇಡ ಅನಿಸಿದರೆ ಮಾತ್ರ ಕಾಯಬೇಡಿ, ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ದಿನದ ಬದುಕಿನಲ್ಲಿ ಏನು ಮಾಡಬಹುದು ಎಂದು ಕೇಳುತ್ತೀರಿ. ಹೊಸದಾಗಿ ಏನನ್ನೂ ಸೇರಿಸಬೇಡಿ. ಇರುವುದರಲ್ಲಿ ಒಂದೆರಡು ಕಡೆ ಇಯರ್‌ಫೋನ್ ತೆಗೆಯಿರಿ, ಸಾಕು. ಬೆಳಿಗ್ಗೆ ಅಡುಗೆಮನೆಯಲ್ಲಿ ಮೊದಲ ಕುಕ್ಕರ್ ಕೂಗುವವರೆಗೆ ಪಾಡ್‌ಕಾಸ್ಟ್ ಬೇಡ. ಒಗ್ಗರಣೆಗೆ ಸಾಸಿವೆ ಬಿದ್ದ ಸದ್ದು ಕೇಳಲಿ, ಕರಿಬೇವಿನ ಘಮ ಬರಲಿ, ನೆಲದ ತಂಪು ಅಂಗಾಲಿಗೆ ತಿಳಿಯಲಿ. ಸಂಜೆ ಬ್ಯಾಂಕಿನಿಂದ ಬಂದಾಗ, ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದ ಮೇಲೆ ತಕ್ಷಣ ಒಳಗೆ ಓಡಬೇಡಿ. ಐದು ಉಸಿರು ಅಲ್ಲೇ ನಿಲ್ಲಿ. ಉಸಿರು ಎಳೆದದ್ದಕ್ಕಿಂತ ಬಿಡುವುದು ಸ್ವಲ್ಪ ಉದ್ದ ಇರಲಿ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿಯೇ ನಿಧಾನವಾಗುತ್ತದೆ. ಆಮೇಲೆ ಮನಸ್ಸಿಗೆ ಇರುವುದನ್ನು ಇದ್ದ ಹಾಗೆ ಹೇಳಿಕೊಳ್ಳಿ. 'ಆತುರ ಇದೆ.' 'ಸುಸ್ತು ಇದೆ.' 'ಮ್ಯಾನೇಜರ್ ಮಾತಿಗೆ ಸಿಟ್ಟು ಇದೆ.' ಅದನ್ನು ಸರಿ ಮಾಡಲು ಹೋಗಬೇಡಿ. ಬಾಗಿಲು ತೆರೆಯಿರಿ.

ಆಪ್ ತೆಗೆದುಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಾದರೆ ತೆಗೆಯುತ್ತಿದ್ದೆ. ಬೆಳಿಗ್ಗೆ ಡೈರಿ ಬರೆಯುವುದು ಇಷ್ಟವಾಗಿದ್ದರೆ ಇರಲಿ, ಆದರೆ ತಪ್ಪುಗಳ ಲೆಕ್ಕ ಬರೆಯುವುದು ಬೇಡ. ಇನ್ನು 4:45. ಆರು ಗಂಟೆಗೆ ಎದ್ದರೆ ಮನೆ ನಡೆಯುವುದಿಲ್ಲವೇ? ನಡೆಯುವುದಿಲ್ಲ ಎಂದಾದರೆ ಅದು ಬೇರೆ ವಿಷಯ, ಅದನ್ನು ಧ್ಯಾನದಿಂದ ಬಗೆಹರಿಸಲು ಆಗುವುದಿಲ್ಲ. ನಾಲ್ಕು ಜನರ ತಿಂಡಿ, ಡಬ್ಬಿ, ಮಗಳ ಜಡೆ, ಎಲ್ಲ ನಿಮ್ಮ ಒಬ್ಬರ ತಲೆ ಮೇಲಿದ್ದರೆ ಯಜಮಾನರ ಹತ್ತಿರ ಕೂತು ಮಾತಾಡಿ. 'ಸ್ವಲ್ಪ ಸಹಾಯ ಮಾಡ್ರೀ' ಎಂದರೆ ಕೆಲಸ ಆಗುವುದಿಲ್ಲ. 'ಡಬ್ಬಿ ನಿಮ್ಮದು' ಎಂದು ಒಂದು ಕೆಲಸವನ್ನು ಪೂರ್ತಿ ಬಿಟ್ಟುಕೊಡಿ. ಈ ಕ್ಷಣದಲ್ಲಿರಿ ಎಂಬ ಮಾತನ್ನು ಹೆಂಗಸರಿಗೆ ಸಹಿಸಿಕೊಳ್ಳಿ ಎಂಬ ಅರ್ಥದಲ್ಲಿ ಹೇಳುವುದನ್ನು ನಾನು ತುಂಬಾ ಕೇಳಿದ್ದೇನೆ. ನನಗೆ ಅದು ಒಪ್ಪಿಗೆ ಇಲ್ಲ. ಮೈ ದಣಿದಿದೆ ಎಂದು ಎಚ್ಚರದಿಂದ ನೋಡಿದವರಿಗೇ, ಇದು ಜಾಸ್ತಿಯಾಯಿತು ಎಂದು ಹೇಳಲು ಬಾಯಿ ಬರುತ್ತದೆ.

ಇನ್ನು ಹೂವು. ನನ್ನ ಅಮ್ಮನೂ ಕಟ್ಟುತ್ತಿದ್ದಳು, ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಬಾಳೆ ನಾರನ್ನು ನೆನೆಸಿಡುತ್ತಿದ್ದಳು. ಆ ಕಡೆಗೆ ಎರಡು ಮೊಗ್ಗು, ಈ ಕಡೆಗೆ ಎರಡು. ನಾರನ್ನು ಸುತ್ತಿ, ಬೆರಳಿನಿಂದ ಕುಣಿಕೆ ಹಾಕಿ ಎಳೆಯುವುದು. ಬಿಗಿಯಾಗಿ ಎಳೆದರೆ ತೊಟ್ಟು ತುಂಡಾಗುತ್ತದೆ. ಸಡಿಲ ಬಿಟ್ಟರೆ ಮೊಗ್ಗು ಜಾರಿ ಬೀಳುತ್ತದೆ. ಎಷ್ಟು ಎಳೆಯಬೇಕು ಎಂದು ಪ್ರತಿ ಸಲವೂ ಬೆರಳೇ ಹೇಳಬೇಕು. ಹಾಗಾಗಿಯೇ ಆಗ ಮನಸ್ಸು ಬೇರೆ ಕಡೆ ಹೋಗುವುದಿಲ್ಲ, ಹೋದರೂ ಬೇಗ ಬರುತ್ತದೆ. ಒಂದು ಮೊಳ ಆಗುವ ಹೊತ್ತಿಗೆ ಅಮ್ಮನ ಮುಖವೇ ಬೇರೆ ಆಗಿರುತ್ತಿತ್ತು.

ಬರುವ ಗುರುವಾರ ಊಟ ಆದ ಮೇಲೆ ಮಲ್ಲಿಗೆ ತಟ್ಟೆ ಇಟ್ಟುಕೊಂಡು ಕೂರುವಾಗ ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಮಗಳು ಬಂದರೆ ಪಕ್ಕ ಕೂರಿಸಿಕೊಳ್ಳಿ. ಅಪ್ಪ ನೆನಪಾದರೆ ಅವಳಿಗೆ ತಾತನ ಒಂದು ಕಥೆ ಹೇಳಿ. ಯಾರೂ ಬರದಿದ್ದರೆ ಒಬ್ಬರೇ ಕಟ್ಟಿ. ಎಷ್ಟು ಮೊಳ ಆಯಿತು ಎಂದು ಅಳೆಯಬೇಡಿ, ತಟ್ಟೆ ಖಾಲಿಯಾದಾಗ ಏಳಿ.